ಜರ್ಮನ್ ತಾಟು

ನಿಮ್ಮವ್ವ ನಿಮಗ ತಾಟು ಬ್ಯಾರೆ ಇಟ್ಟಿದ್ದು ಸರೀನ ಐತಿ ಬಿಡ್ರಿ ಸರ್ — ಅಂದವಳು ಕುಸುಮ, ಅವನ ಕೈಕೆಳಗೆ ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತ ಈ ಚಿಕ್ಕೋಡಿ ಕಾಲೇಜಿನಲ್ಲಿ ಪಾಠ ಹೇಳುವ ಕುಸುಮ, ಅದೂ ಪ್ರಾಕ್ಟಿಕಲ್ ಪರೀಕ್ಷೆಗೆ ನಿಂತ ಇಷ್ಟೂ ಹುಡುಗ ಹುಡುಗಿಯರೆದುರು, ಹಿಂದಿನ ಬೆಂಚಿನವನೊಬ್ಬ ಖಿಕ್ಕೆಂದ, ಯಾರದೋ ವಾಚ್‌ಗ್ಲಾಸು ಟಣ್ಣೆಂದಿತು, ಪ್ರೊಫೆಸರ್ ಭೂಪಾಲನ ಕಣ್ಣು ಮಾತ್ರ ಕಿಟಕಿಯ ಹತ್ತಿರದ ಉಳ್ಳಾಗಡ್ಡಿಯ ಮೇಲೆ, ನೀರು ತುಂಬಿದ ಬಾಟಲಿಯ ಬಾಯಿಗೆ ಕೂತ ಉಳ್ಳಾಗಡ್ಡಿ, ಕೆಳಗೆ ಇಳಿಬಿದ್ದ ಬಿಳಿ ಬೇರುಗಳು, ಮುದುಕಿಯ ಗದ್ದದ ಕೂದಲಿನಂಥವು — ತಾಟಿನ ಸುದ್ದಿ ಇವಳಿಗೆ ಹೇಗೆ ಗೊತ್ತು? ಇವಳೂ ಅವನೂರು ಅಕ್ಕೋಳದವಳಲ್ಲವೇ, ಒಂದೇ ಓಣಿ, ಒಂದೇ ಬಸದಿ, ಅಲ್ಲಿ ಗೋಡೆಗೂ ನಾಲಿಗೆ. ಅವನೇನು ಅಂದಿದ್ದ ಅಂಥಾದ್ದು? ಯುನಿವರ್ಸಿಟಿಯಿಂದ ಪರೀಕ್ಷಕನಾಗಿ ಬಂದವನು, ಮಂಗಲ ಎಂಬ ಹುಡುಗಿ ಉಳ್ಳಾಗಡ್ಡಿಯನ್ನು ಕರವಸ್ತ್ರದಲ್ಲಿ ಹಿಡಿದು ಬೇರಿನ ತುದಿ ಕತ್ತರಿಸುತ್ತಿದ್ದಳು, ಬಸದಿಯ ಗಂಧ ಇನ್ನೂ ಹಣೆಯ ಮೇಲೆ, ಜೈನರಾಕಿ ಏನವಾ, ಹೌದ್ರಿ ಸರ್, ಹಂಗಾರ ಅರಿವಿ ತಗದು ಕೈಲೆ ಹಿಡಿ, ಕಚ್ಚು ಒಂದ ತುಣುಕು, ಎಲ್ಲಾರ ಮುಂದ, ನೆಲದಾಗಿಂದು ಬಾಯಾಗ ಇಡಾಕ ಬರದವರಿಗೆ ಬಾಟನಿ ಬರೂದಿಲ್ಲ — ಇಷ್ಟೇ ಅಂದದ್ದು. ಅವನೂ ಜೈನನೇ. ಅವನ ಗೈಡ್ ಅವನಿಗೆ ಅಂದದ್ದೂ ಇಷ್ಟೇ, ಅರವತ್ತೆರಡನೇ ಇಸವಿಯಲ್ಲಿ, ಅಕ್ಕೋಳದ ತಂಬಾಕಿನ ಹೊಲದಿಂದ ಎದ್ದು ಎಂ.ಎಸ್ಸಿ.ಗೆ ಹೋದ ಮೊದಲ ವಾರ, ಖಾ ರೇ ಖಾ, ಇದರಾಗ ಅನಂತ ಜೀವ ಅದಾವಂತಲ್ಲ ನಿಮ್ಮವರಿಗೆ, ಎಣಿಸಿ ಎಣಿಸಿ ತಿನ್ನು, ಕ್ಲಾಸು ನಕ್ಕಿತ್ತು, ಇವನು ತಿಂದಿದ್ದ, ಮೂಗು ಕಣ್ಣು ಸುರಿಸುತ್ತ ತಿಂದಿದ್ದ, ತಿಂದದ್ದಕ್ಕೇ ಚಿನ್ನದ ಪದಕ, ತಿಂದದ್ದಕ್ಕೇ ಡಾಕ್ಟರೇಟು, ಬಾಗಿಲಿಗೆ ಹಿತ್ತಾಳೆಯ ಫಲಕ — ಪ್ರತಿ ಜೂನಿನಲ್ಲಿ ಹೊಸ ಹುಡುಗರಿಗೆ ಮೊದಲ ಪಾಠವೇ ಈ ಕಥೆ, ಎದೆ ಉಬ್ಬಿಸಿ ಹೇಳುತ್ತಾನೆ. ಆ ವರ್ಷ ದೀಪಾವಳಿಗೆ ಊರಿಗೆ ಬಂದು ಅವ್ವನಿಗೂ ಹೀಗೆಯೇ ಹೇಳಿದ್ದ, ಆ ಮುಂದಿನದನ್ನು ಮಾತ್ರ ಕ್ಲಾಸಿನಲ್ಲಿ ಹೇಳುವುದಿಲ್ಲ. ಅವ್ವ ಬಯ್ಯಲಿಲ್ಲ. ಎದ್ದು ದನದ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಹಿಂಡಿ ನೆನೆಯಿಡುವ ಜರ್ಮನ್ ತಾಟು ತಂದಳು, ಅಂಚು ನಗ್ಗಿದ ಅಲ್ಯುಮಿನಿಯಂ ತಾಟು, ಹೊಸ್ತಿಲಾಚೆ ಇಟ್ಟು ಮೇಲಿಂದ ರೊಟ್ಟಿ ಬಿಟ್ಟಳು, ಟಪ್. ಉಂಡ ಮೇಲೆ ಅವನೇ ತೊಳೆದು ಹೊರಗಿನ ಗೋಡೆಗೆ ಆನಿಸಿಟ್ಟ, ನೀರು ಇಳಿದು ನೆಲದಲ್ಲಿ ಅರ್ಧ ಚಂದ್ರನಂಥ ಕಲೆ ಮಾಡಿತು, ಪ್ರೊಫೆಸರಾದ ಮೇಲೂ ಅದೇ ತಾಟು, ಕಾರಿನಲ್ಲಿ ಬಂದರೂ ಅದೇ, ಅವ್ವ ಸತ್ತ ದಿನವೂ ಅದು ಗೋಡೆಗೆ ಆನಿಕೊಂಡೇ ಇತ್ತು — ಧರ್ಮ ಅಂದರೆ ಹಾಗೆಯೇ, ವಿದ್ಯೆಗೆ ಅದೇ ಬೆಲೆ, ಎಲ್ಲರಿಗೂ ಅದೇ, ಇವಳಿಗೂ ಅದೇ.

ಬೇರಿನ ತುದಿಗೆ ಬಣ್ಣ ಹಿಡಿಸಿ ಸ್ಲೈಡಿನ ಮೇಲಿಟ್ಟು, ಮೇಲೆ ಬ್ಲಾಟಿಂಗ್ ಪೇಪರು ಹಾಕಿ ಹೆಬ್ಬೆರಳಿಂದ ಅದುಮಬೇಕು, ಜಾರಿಸಬಾರದು, ಕರುಣೆ ಬಂದು ಕೈ ಸಡಿಲಿಸಿದರೆ ಒಂದು ಕೋಶವೂ ಬಿಡಿಯಾಗಿ ಕಾಣುವುದಿಲ್ಲ, ಹುಡುಗರನ್ನೂ ಹಾಗೆಯೇ ಅದುಮಿದ್ದಾನೆ, ಕಾಡಸಿದ್ದ ಎಂಬವನು ಅರ್ಧಕ್ಕೆ ಬಿಟ್ಟು ತನ್ನೂರು ಪಾಲಬಾವಿಗೆ ಓಡಿಹೋದ, ಹೋಗಲಿ, ಅಳುತ್ತ ಅಳುತ್ತ ಡಾಕ್ಟರಾದವರು ಇಲ್ಲವೇ? ಕುಸುಮ ಅಳಲಿಲ್ಲ. ಗೈಡ್ ಬೇಕಂದ್ರ ತಿನ್ನು ಎಂದು ಇವನು ಉಳ್ಳಾಗಡ್ಡಿ ಕೊಟ್ಟಾಗ ಇಡೀ ಡಿಪಾರ್ಟ್‌ಮೆಂಟಿನೆದುರು ಕರಮ್ ಕರಮ್ ತಿಂದಳು, ಥ್ಯಾಂಕ್ಸ್ರಿ ಸರ್ ಅಂದಳು, ಅದೇ ವಾರ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಅವಳಪ್ಪ ಜಿನ್ನಪ್ಪನನ್ನು ಹುಡುಕಿ ಹಿಡಿದು, ಚಹಾ ಕುಡಿಸಿ, ನಗುತ್ತ ನಗುತ್ತ ಹೇಳಿದವನು ಇವನೇ, ನಿಮ್ಮ ಮಗಳು ಉಳ್ಳಾಗಡ್ಡಿ ಭಾಳ ರುಚಿಲೆ ತಿಂತಾಳ್ರಿ — ಏಕೆ ಹೇಳಿದ? ಇನ್ನೊಂದು ಮನೆಯ ಹೊಸ್ತಿಲಾಚೆಯೂ ತಾಟು ಇಳಿಯಬೇಕಿತ್ತು, ಇಳಿಯಲೇಬೇಕಿತ್ತು. ಆಮೇಲೆ ಆರು ವರ್ಷ ಎಳೆದ, ಅವಳು ಬರೆದು ಮುಗಿಸಿದ ಪ್ರಬಂಧಕ್ಕೂ ಸಹಿ ಮಾಡಲಿಲ್ಲ, ಇವತ್ತೂ ಅದು ಇವನ ಬ್ಯಾಗಿನಲ್ಲಿದೆ, ಅವಳಿಗದು ಗೊತ್ತು, ಗೊತ್ತಿದ್ದೂ ಅಂದಳಲ್ಲ, ಈಗ ಇನ್ನೂ ಹತ್ತಿರ ಬಂದು ಅನ್ನುತ್ತಿದ್ದಾಳೆ, ನಿಮ್ಮ ಸಹಿ ನಿಮ್ಮ ಹತ್ರನ ಇರ್ಲಿ ಸರ್, ನಮ್ಮಪ್ಪಗ ಹೇಳಿದ್ರಿ, ನನ್ನ ತಾಟು ಏನಾತಂತ ಒಂದ ದಿನಾನೂ ಕೇಳಲಿಲ್ಲಲ್ರಿ ನೀವು? ಕೇಳ್ರಿ ಈಗ. ನಮ್ಮವ್ವ ಕಮಲಾಬಾಯಿ, ನಿಮ್ಮವ್ವನ ಕೂಡ ಅದ ಬಸದಿಗೆ ಹೋಗಾಕಿ, ಚೌಮಾಸದಾಗ ಮಳಿಗಾಲದ ನಾಕೂ ತಿಂಗಳ ಉಪಾಸ ಮಾಡಾಕಿ, ನನ್ನ ಬಾಯಿ ಮೂಸಿ ನೋಡಿದ್ಳು, ಹುಚ್ಚಖೋಡಿ, ಬೆಲ್ಲಾ ತಿನ್ನು ವಾಸನಿ ಹೋಗತೈತಿ ಅಂದ್ಳು, ತನ್ನ ತಾಟಿನಾಗ ಉಣ್ಣಾಕ ಕುಂದರಿಸ್ಕೊಂಡ್ಳು, ಇವತ್ತಿಗೂ ಒಂದ ತಾಟ್ರಿ ನಮ್ದು.

ಒಂದೇ ತಾಟು. ಅದೇ ಓಣಿ, ಅದೇ ಬಸದಿ, ಅದೇ ಉಳ್ಳಾಗಡ್ಡಿ — ಸುಳ್ಳು ಹೇಳುತ್ತಿದ್ದಾಳೆ ಇವಳು, ಇಲ್ಲ, ಕುಸುಮ ಸುಳ್ಳು ಹೇಳಲಾರಳು, ಆರು ವರ್ಷ ಅದುಮಿ ಅದುಮಿ ನೋಡಿದ್ದಾನೆ, ಹಾಗಾದರೆ ಧರ್ಮವಲ್ಲ, ಹಾಗಾದರೆ ವಿದ್ಯೆಯ ಬೆಲೆಯಲ್ಲ, ಹಾಗಾದರೆ ಅವ್ವ, ಅವ್ವನೇ, ಬೆಲ್ಲ ಮನೆಯಲ್ಲಿ ಇರಲಿಲ್ಲವೇ, ನೆಲುವಿನ ಮೇಲೆ ಇತ್ತು, ಅವನು ನೋಡಿದ್ದ. ಮಂಗಲ ಇನ್ನೂ ಉಳ್ಳಾಗಡ್ಡಿ ಹಿಡಿದೇ ನಿಂತಿದ್ದಾಳೆ, ಬರಿಗೈಯಲ್ಲಿ, ತುಟಿಯವರೆಗೆ ತಂದು, ಕಚ್ಚಲೇನ್ರಿ ಸರ್? ಎಲ್ಲರೂ ಅವನ ಬಾಯಿ ನೋಡುತ್ತಿದ್ದಾರೆ, ಹೇಳ್ರಿ ಸರ್, ಕಚ್ಚಬೇಕೋ ಬ್ಯಾಡೋ, ಕುಸುಮಳ ದನಿ, ಅವನು ಬ್ಯಾಗು ಎತ್ತಿಕೊಂಡ, ಬೆಂಚುಗಳ ನಡುವೆ ನಡೆದ, ಬಾಗಿಲು ದಾಟಿದ, ಬೆನ್ನ ಹಿಂದೆ ಮತ್ತೆ ಕಚ್ಚಲೇನ್ರಿ, ತಿರುಗಲಿಲ್ಲ, ಹೊರಗೆ ಬಿಸಿಲು, ಬಿಸಿಲಿನಲ್ಲಿ ಉದ್ದಾನುದ್ದ ಗೋಡೆ, ಅವನ ಕಣ್ಣಿಗೆ ಗೋಡೆಗೆ ಆನಿಸಿಟ್ಟ ಅದೇ ತಾಟು, ತೊಳೆದ ತಾಟು, ನೀರು ಇಳಿಯುತ್ತಲೇ ಇರುವ, ಗೋಡೆಗೆ ಆನಿಸಿಟ್ಟ…