ಬಾಣಂತಿ ಕೋಣೆಯ ಚಿನ್ನದ ಪುಡಿ

ಹೊಗೆ ಇಲ್ಲದ ಕೆಂಡದಿಂದ ಅಪಾಯವಿಲ್ಲ ಎಂದು ದೊಡ್ಡಮುನಿಯಮ್ಮ ನಂಬಿದ್ದಳು. ಅವಳ ಅಮ್ಮ ನಂಬಿದ್ದಳು, ಅಮ್ಮನ ಅಮ್ಮನೂ ನಂಬಿದ್ದಳು. ಇಂಥ ನಂಬಿಕೆಯ ಮುಂದೆ ಎಂ.ಎಸ್ಸಿ. ಓದಿದ ಮಗ ಯಾವ ಲೆಕ್ಕ, ಹೇಳಿ!

ಮಗ ಮುರಳಿಕೃಷ್ಣನಿಗೆ ಹೊಸೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯನ್ನು ಅಡಗಿಸುವ ಪುಡಿ ತಯಾರಿಸುವುದೇ ಅವನ ಕಸುಬು. ಬಿಳಿ ಪುಡಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಕೂರಿಸಬೇಕು. ಒಡವೆಯ ಚಿನ್ನ ಶುದ್ಧ ಸೋಮಾರಿ, ಯಾವುದಕ್ಕೂ ಜಗ್ಗುವುದಿಲ್ಲ. ಅದನ್ನೇ ಅಷ್ಟು ಸಣ್ಣಗೆ ಮಾಡಿದರೆ, ಕಾಯಿಸದೆ ತಣ್ಣಗಿರುವಾಗಲೇ ವಿಷವನ್ನು ನಾವು ಬಿಡುವ ಉಸಿರಿನಂಥ ಗಾಳಿಯಾಗಿ ಬದಲಾಯಿಸಿಬಿಡುತ್ತದೆ. ಗಾಜಿನ ಕೊಳವೆಯ ಈ ತುದಿಯಲ್ಲಿ ವಿಷ ಬಿಟ್ಟರೆ ಆ ತುದಿಯಲ್ಲಿ ಮೀಟರು ಸೊನ್ನೆ ತೋರಿಸುತ್ತದೆ. ಎರಡು ವರ್ಷ ಒದ್ದಾಡಿ, 2006ರಲ್ಲಿ ಆ ಸೊನ್ನೆ ಕಂಡಾಗ ಅವನು ಮಗುವಿನಂತೆ ಕುಣಿದಿದ್ದ.

ಅದೇ ವರ್ಷದ ಮಾರ್ಗಶಿರದ ಚಳಿಯಲ್ಲಿ ತಂಗಿ ನಾಗಲಕ್ಷ್ಮಿ ಡೆಂಕಣಿಕೋಟೆಯ ತವರಿನಲ್ಲಿ ಬಾಣಂತಿ. ಭಾನುವಾರ ಹೋಗಿ ನೋಡುತ್ತಾನೆ, ಮುಚ್ಚಿದ ಕೋಣೆ, ಮಂಚದ ಕೆಳಗೆ ಬಾಂಡ್ಲಿ ತುಂಬ ಕೆಂಡ!

"ಕಿಟಕಿ ತೆಗಿಯಮ್ಮ. ಈ ಕೆಂಡದ ಗಾಳಿಗೆ ವಾಸನೆ ಇರಲ್ಲ. ರಕ್ತಕ್ಕೆ ಸೇರ್ಕೊಂಡು ಮೈ ಕೆಂಪಗೆ ಮಾಡಿ, ನಿದ್ದೇಲೇ ಸಾಯಿಸ್ಬುಡ್ತದೆ."

"ಬಿಡ್ತು ಅನ್ಲಾ! ಬಾಣಂತಿಗೆ ಗಾಳಿ ತಾಕಿದ್ರೆ ಸನ್ನಿ ಹಿಡೀತದೆ. ನಿನ್ನೂ ಇಂಗೇ ಕಾಯ್ಸಿ ಬೆಳೆಸಿದ್ದು ಕಣ್ಲಾ. ಸತ್ತೋದ್ಯಾ ನೀನು?"

ಮುಂದಿನ ಭಾನುವಾರ ಅವನು ಲ್ಯಾಬಿನಿಂದ ಮೂರು ಚಮಚ ಪುಡಿ ತಂದ. ಒಂದು ಕೋಣೆಗೆ ಅದು ಏನೇನೂ ಸಾಲದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಿನ್ನದ ಹೆಸರು ಹೇಳಿದರಾದರೂ ಅಮ್ಮ ಮಾತು ಕೇಳಬಹುದು ಎಂಬ ಆಸೆ.

"ಇದ್ರಲ್ಲಿ ಚಿನ್ನ ಐತಮ್ಮ, ವಿಷ ನುಂಗ್ತದೆ. ತಟ್ಟೇಲಿ ಹರಡಿ ಕೆಂಡದ ಹತ್ರ ಇಡು. ಆದ್ರೆ ಇಷ್ಟೇ ಸಾಲಲ್ಲ, ಕಿಟಕೀನೂ ತೆಗ್ದಿರ್ಬೇಕು."

ಅಮ್ಮ ಪುಡಿಯನ್ನು ಕಣ್ಣಿಗೊತ್ತಿಕೊಂಡಳು. ಕಿಟಕಿಯನ್ನು ನಾಲ್ಕು ಬೆರಳಷ್ಟು ತೆಗೆದಳು. ಗೆದ್ದೆ ಎಂದುಕೊಂಡು ಮುರಳಿ ಹೊಸೂರಿನ ಬಸ್ಸು ಹತ್ತಿದ. ಪೆದ್ದ!

ಬುಧವಾರ ಮಧ್ಯಾಹ್ನ ಲ್ಯಾಬಿನಿಂದ ಪಕ್ಕದ ಮನೆಯ ಭದ್ರಮ್ಮನಿಗೆ ಫೋನ್ ಮಾಡಿದ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅಮ್ಮ ಬಂದಳು.

"ಕಿಟಕಿ ತೆಗ್ದಿದೀಯೇನಮ್ಮ?"

"ಇವತ್ತು ಚಳಿ ಜಾಸ್ತಿ ಕಣ್ಲಾ. ಮುಚ್ಬುಟ್ಟು ಸಂದಿಗೆಲ್ಲ ಹಳೇ ಸೀರೆ ತುರುಕಿದೀನಿ. ನಿನ್ನ ಚಿನ್ನದ ಪುಡಿ ಐತಲ್ಲ, ಇನ್ನೇನು ಭಯ?"

"ತಟ್ಟೇಲಿ ಹರಡಿದೀಯಾ?"

"ಚಿನ್ನಾನ ಯಾರಾದ್ರೂ ತಟ್ಟೇಲಿ ಚೆಲ್ತಾರೇನ್ಲಾ! ಕುಂಕುಮದ ಭರಣೀಲಿ ಹಾಕಿ, ಮುಚ್ಚಳ ಬಿಗ್ದು, ಅವಳ ದಿಂಬಿನ ಕೆಳಗೆ ಇಟ್ಟಿದೀನಿ. ಸ್ನಾನ ಆದಾಗಿಂದ ಎಂಥಾ ನಿದ್ದೆ ಅಂತೀಯಾ! ಕೂಸು ಕೂಡ ಒಂದ್ಸಲ ಅತ್ತಿಲ್ಲ. ನಾಗೀ ಕೆನ್ನೆ ನೋಡ್ಬೇಕು ನೀನು, ದಾಸವಾಳದಂಗೆ ಕೆಂಪಗಾಗವೆ. ಬಾಣಂತನ ಮೈಗೆ ಹತ್ತೈತೆ ಕಣ್ಲಾ."



"ಬಾಗಿಲು ತೆಗಿಯಮ್ಮ! ಇಬ್ರುನ್ನೂ ಈಚೆಗೆ ಎತ್ಕೊಂಡು ಬಾ! ಓಡಮ್ಮ!"

ಮಗ ಹೀಗೆ ಕಿರುಚಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಫೋನನ್ನು ಹಾಗೇ ಬಿಟ್ಟು ಓಡಿದಳು. ಇತ್ತ ಇವನು ಓಡುವುದೆಲ್ಲಿಗೆ? ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ರಿಸೀವರನ್ನು ಕಿವಿಗೊತ್ತಿ ನಿಂತ. ಚಿಲಕದ ಸದ್ದು ಕೇಳಿತು. "ನಾಗೀ, ಏಳವ್ವಾ" ಎಂದು ಅಮ್ಮ ಮುದ್ದಿನಿಂದ ಕರೆದಳು. ಆಮೇಲೆ ಗದರಿದಳು. ಮೂರನೆಯ ಸಲ ಹೆಸರು ಬರಲಿಲ್ಲ, ಬರೀ ಚೀರಾಟ. ಭದ್ರಮ್ಮ "ಯಾರಾದ್ರೂ ಬನ್ರೋ" ಎಂದು ಬೀದಿಗೆ ಓಡಿದಳು.

ಅವನ ಬೆನ್ನ ಹಿಂದೆ ಮೇಜಿನ ಮೇಲೆ ಮೀಟರು ಸೊನ್ನೆ ತೋರಿಸುತ್ತಲೇ ಇತ್ತು.

"ಅಳ್ಲಾ ಕಂದಾ," ಎಂದು ಮುರಳಿ ಫೋನಿನೊಳಗೆ ಬೇಡಿಕೊಂಡ. "ಒಂದೇ ಒಂದ್ಸಲ ಅಳ್ಲಾ."

ಆ ಕಡೆಯಿಂದ ಎಲ್ಲರ ಅಳುವೂ ಕೇಳುತ್ತಿತ್ತು, ಕೂಸಿನದೊಂದು ಬಿಟ್ಟು.