ಡಿಕ್ಕಿಯೊಳಗಿನ ಬೇವಿನ ಟೊಂಗೆ

ಆಳಂದದ ಆ ಓಣಿಗೆ ಮೊದಲ ಕರೆಂಟಿನ ಕಾರು ಬಂದದ್ದು ವೃಂದಾಳ ಮನೆಗೆ. ಆ ಕಾರು ನಡುರಸ್ತೆಯಲ್ಲಿ ನಿಂತುಹೋಯಿತು ಎಂಬ ಸುದ್ದಿ ಹಬ್ಬಿದಾಗ ಓಣಿಯವರೆಲ್ಲ ಒಂದೇ ಮಾತು ಕೇಳಿದರು.

“ಚಾರ್ಜ್ ಹಾಕಿರ್ಲಿಲ್ಲೇನ್ರಿ?”

ಹಾಲಿನವನು ಕೇಳಿದ. ಎದುರುಮನೆಯವರು ಕೇಳಿದರು. ವೃಂದಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಲ್ಲಿ ಹೆಡ್‌ಮಾಸ್ತರರು ಕೇಳಿದರು, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತೇ ಕೇಳಿದಳು. “ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇತ್ತು” ಎಂದು ಹೇಳಿ ಹೇಳಿ ವೃಂದಾಳ ಬಾಯಿ ಸೋತಿತು. ಯಾರೂ ನಂಬಲಿಲ್ಲ.

ನಡೆದದ್ದು ಹೀಗೆ. ಅತ್ತೆ ಶಾರದಾಬಾಯಿಯವರ ಕಿಡ್ನಿಗಳು ಸೋತಿವೆ. ವಾರಕ್ಕೆರಡು ಸಲ ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಡಯಾಲಿಸಿಸ್ ಆದ ಮೇಲೆ ಅವರಿಗೆ ನಿಲ್ಲಲೂ ಶಕ್ತಿ ಇರುವುದಿಲ್ಲ. ಬಸ್ಸಿನ ಮಾತು ದೂರವೇ ಉಳಿಯಿತು. ಕಾರು ಕೊಂಡದ್ದೇ ಅವರ ಸಲುವಾಗಿ. ಅವತ್ತು ಮರಳಿ ಬರುವಾಗ ಎರಡು ಟ್ರಾಲಿ ಕಬ್ಬು ಹೇರಿಕೊಂಡು ಹಾಡು ಹಚ್ಚಿಕೊಂಡು ಹೊರಟಿದ್ದ ಟ್ರ್ಯಾಕ್ಟರನ್ನು ವೃಂದಾ ದಾಟಿ ಮುಂದೆ ಬಂದಿದ್ದಳಷ್ಟೇ. ಕಾಲಡಿಯ ಎಕ್ಸಲರೇಟರ್‌ನಲ್ಲಿ ಜೀವವೇ ಇಲ್ಲದಂತಾಯಿತು. ಸದ್ದಿಲ್ಲ, ಹೊಗೆಯಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಒತ್ತಿದಷ್ಟೂ ಗಾಡಿ ನಿಧಾನವಾಯಿತು. ಹಿಂದಿನ ಹಾಡು ಹತ್ತಿರ ಹತ್ತಿರ ಬಂತು.

“ಇಲ್ಲ್ಯಾಕ ನಿಲ್ಸಾಕತ್ತಿ ವೃಂದಾ? ಊರು ಬಂತೇನು?” ಹಿಂದಿನ ಸೀಟಿನಲ್ಲಿ ಮಲಗಿದ್ದ ಶಾರದಾಬಾಯಿ ಕಣ್ಣು ತೆರೆಯದೆಯೇ ಕೇಳಿದರು.

“ನಾ ನಿಲ್ಸಿಲ್ಲ ಅತ್ಯಾ. ಅದೇ ನಿಲ್ಲಾಕತ್ತದ.”

ಉಳಿದಿದ್ದ ಅಷ್ಟಿಷ್ಟು ಓಟದಲ್ಲೇ ಆಕೆ ಸ್ಟೀರಿಂಗನ್ನು ಎಡಕ್ಕೆ ಎಳೆದು ಗಾಡಿಯನ್ನು ರಸ್ತೆಯಂಚಿಗೆ ತಂದಳು. ಟ್ರ್ಯಾಕ್ಟರು ಕನ್ನಡಿಗೆ ಕಬ್ಬಿನ ಗರಿ ಸವರಿಕೊಂಡೇ ಮುಂದೆ ಹೋಗಿ ನಿಂತಿತು. ಚಾಲಕ ಇಳಿದು ಬಂದ. ರಸ್ತೆ ಪಕ್ಕದ ಬೇವಿನ ಮರದಿಂದ ಟೊಂಗೆಯೊಂದನ್ನು ಮುರಿದು ಕಾರಿನ ಹಿಂದೆ ಕಲ್ಲಿಗೆ ಆನಿಸಿ ನಿಲ್ಲಿಸಿದ. ಕೆಟ್ಟುನಿಂತ ಗಾಡಿಗೆ ನಮ್ಮ ಕಡೆಯವರೆಲ್ಲ ಮಾಡುವುದೇ ಹಾಗೆ. ಆಮೇಲೆ ಕೈ ಒರೆಸಿಕೊಳ್ಳುತ್ತ ಅವನೂ ಕೇಳಿದ:

“ಅಕ್ಕಾರ, ಚಾರ್ಜ್ ಹಾಕಿರ್ಲಿಲ್ಲೇನ್ರಿ?”

ಸ್ವಲ್ಪ ಹೊತ್ತಿನ ಮೇಲೆ ಬಂದ್ ಮಾಡಿ ಚಾಲೂ ಮಾಡಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. ವೃಂದಾ ಟೊಂಗೆಯನ್ನು ಎತ್ತಿ ಬಿಸಾಡಲು ಹೋದಳು.

“ಒಗೀಬ್ಯಾಡ,” ಎಂದರು ಶಾರದಾಬಾಯಿ. “ಡಿಕ್ಕ್ಯಾಗ ಇಡು. ಈ ಗಾಡಿ ಮ್ಯಾಲೆ ನನಗ ಭರೋಸಾ ಇಲ್ಲ.”

ಕಾರು ಕೊಂಡ ಶೋರೂಮಿನಲ್ಲಿ ತುಷಾರ ಎಂಬ ನಗುಮುಖದ ಹುಡುಗ ಗಾಡಿಗೆ ಕಂಪ್ಯೂಟರ್ ಹಚ್ಚಿ ನೋಡಿದ. “ಮೇಡಂ, ಏನೂ ಬರವಲ್ದು. ಇಷ್ಟು ಗಾಡಿ ಓಡಾಕತ್ಯಾವ, ಯಾರ್ದೂ ಕಂಪ್ಲೇಂಟ್ ಇಲ್ಲ. ನಿಮ್ಮದೊಂದ ಗಾಡಿ ನೋಡ್ರಿ.” ಆಮೇಲೆ ದನಿ ಇಳಿಸಿ ಕೇಳಿದ: “ನೀವ ಓಡಿಸ್ತಿದ್ರೋ, ಸರ್ ಓಡಿಸ್ತಿದ್ರೋ?”

ಗಾಡಿ ತೊಳೆದು ಕೊಟ್ಟರು. ತೊಳೆದ ಗಾಡಿ ಮತ್ತೊಂದು ವಾರಕ್ಕೆ ಮತ್ತೆ ನಿಂತಿತು, ಅದರ ಮುಂದಿನ ವಾರವೂ ನಿಂತಿತು. ಟೊಂಗೆ ಮತ್ತೆ ಕೆಲಸಕ್ಕೆ ಬಂತು.

ವೃಂದಾಳ ಗಂಡ ವಾಮನನದು ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಅಂಗಡಿ. ಕಾರು ಬಂದ ಹೊಸದರಲ್ಲಿ ಔಷಧಿಗೆ ಬಂದವರನ್ನೆಲ್ಲ ಹೊರಗೆ ಕರೆದು ತೋರಿಸಿದ್ದ. “ಎಣ್ಣಿ ಗಾಡಿ ಕಾಲ ಮುಗೀತ್ರಿ” ಎಂದು ಭಾಷಣ ಮಾಡಿದ್ದ. ಈಗ ಅವನಿಗೆ ಕಾರಿಗಿಂತ ಆ ಭಾಷಣದ್ದೇ ಚಿಂತೆ.

“ಯಾರ ಮುಂದೂ ಬಾಯಿ ಬಿಡಬ್ಯಾಡ. ನಾರೋಣಾದ ಮಲ್ಕಪ್ಪ ಸಾಲಿ ಮಕ್ಕಳನ್ನ ಕರಕೊಂಡು ಹೋಗಾಕ ಗಾಡಿ ಹುಡುಕಾಕತ್ಯಾನ. ಐತವಾರ ನೋಡಾಕ ಬರ್ತೇನಿ ಅಂದಾನ. ಕೊಟ್ಟು ಕೈ ತೊಳ್ಕೊಳ್ಳೋಣು.”

“ನಿಂತದ್ದು ಹೇಳ್ತೀರೋ ಇಲ್ಲೋ?”

“ಕಂಪ್ಯೂಟರ್‌ನ್ಯಾಗ ಏನೂ ಇಲ್ಲ ಅಂದಾರಲ್ಲ! ಇಲ್ಲದ್ದು ಏನಂತ ಹೇಳ್ಲಿ?”

ವೃಂದಾ ಎದ್ದು ಅಡಿಗೆಮನೆಗೆ ಹೋದಳು. ಶಾಲೆ, ಮನೆ, ಮಗಳು ಪಿಲ್ಲುವಿನ ಹೋಂವರ್ಕ್, ಅತ್ತೆಯ ಅಳತೆಯ ನೀರು, ಅಳತೆಯ ಉಪ್ಪು. ಜಗಳಕ್ಕೂ ತ್ರಾಣ ಬೇಕಲ್ಲ. ಆದರೆ ಕಣ್ಣು ಮುಚ್ಚಿದರೆ ಹಿಂದಿನಿಂದ ಆ ಟ್ರ್ಯಾಕ್ಟರಿನ ಹಾಡು ಬರುತ್ತಿತ್ತು. ಈ ಸಲ ಕಾರಿನೊಳಗೆ ಅತ್ತೆ ಇರಲಿಲ್ಲ. ಚೀಲ ಹೊತ್ತ ಮಕ್ಕಳಿದ್ದರು.

ಆ ವಾರದ ಡಯಾಲಿಸಿಸ್ ದಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅತ್ತೆಯ ಚಾದರ ತೆಗೆಯಲೆಂದು ವೃಂದಾ ಡಿಕ್ಕಿ ಎತ್ತಿದಳು. ಪಕ್ಕದಲ್ಲೂ ಅದೇ ಕಂಪನಿಯ ಅದೇ ಗಾಡಿ. ಅದರ ಡಿಕ್ಕಿಯಿಂದ ಹೆಂಗಸೊಬ್ಬಳು ಊಟದ ಡಬ್ಬಿ ತೆಗೆಯುತ್ತಿದ್ದಳು. ಡಬ್ಬಿಯ ಹಿಂದೆ, ಕೆಂಪು ಚಿಂದಿ ಕಟ್ಟಿದ ಒಂದು ಒಣ ಟೊಂಗೆ.

ಇಬ್ಬರೂ ಒಬ್ಬರ ಡಿಕ್ಕಿಯನ್ನು ಒಬ್ಬರು ನೋಡಿದರು. ಹೊಸ ಕಾರಿನಲ್ಲಿ ಟೊಂಗೆ ಇಟ್ಟುಕೊಂಡು ಯಾರೂ ಸುಮ್ಮನೆ ತಿರುಗುವುದಿಲ್ಲ.

“ನಿಮ್ಮದೂನು?” ಎಂದಳು ಆಕೆ.

“ನಿಮ್ಮದೂ?”

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ವೃಂದಾ ಕಣ್ಣೊರೆಸಿಕೊಂಡಳು. ಕೊನೆಗೂ ಒಬ್ಬರು “ಚಾರ್ಜ್ ಹಾಕಿರಲಿಲ್ಲವೇ” ಎಂದು ಕೇಳಲಿಲ್ಲ.

ಆಕೆ ಮೈತ್ರಿ. ಜೇವರ್ಗಿಯವಳು, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಕಲಿಸುವವಳು. ಅವಳ ತಂದೆ ದೇವಾನಂದ ಅವರಿಗೂ ಅಲ್ಲೇ ಡಯಾಲಿಸಿಸ್.

“ನಾ ಕರೆಂಟಿನ ಪಾಠ ಹೇಳಾಕಿ. ನನ್ನ ಗಾಡಿನೇ ಕೈ ಕೊಡ್ತು ಅಂದ್ರ ಹುಡುಗ್ರು ಬಿಡ್ತಾರೇನ್ರಿ? ಅದಕ್ಕ ನಾನೂ ಸುಮ್ಮಿದ್ದೆ,” ಎಂದಳು ಮೈತ್ರಿ. “ಶೋರೂಮಿನ್ಯಾಗ ನಿಮಗೇನಂದ್ರು?”

“ನಿಮ್ಮದೊಂದ ಗಾಡಿ ಅಂದ್ರು.”

“ನನಗೂ ಅದನ್ನೇ ಅಂದ್ರು! ಅಫಜಲಪುರದಾಗ ಫಕ್ರುನ್ನಿಸಾ ಆಪಾ ಅಂತ ಅದಾರ, ಹೊಲಿಗಿ ಕ್ಲಾಸ್ ನಡಸ್ತಾರ. ಮೊನ್ನಿ ಚಾರ್ಜಿಂಗಿಗೆ ನಿಂತಾಗ ಸಿಕ್ಕಿದ್ರು. ಅವರಿಗೂ ನಿಮ್ಮದೊಂದ ಅಂದಾರ. ಎಷ್ಟು ಒಂದು ಅದಾವ ನೋಡ್ರಿ ಇವರ ಹತ್ರ!”

“ಆದ್ರ ಕಂಪ್ಯೂಟರ್‌ನ್ಯಾಗ ಏನೂ ಬರೂದಿಲ್ಲಲ್ರಿ.”

“ಒಮ್ಮೊಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ರ ಗುರುತು ಅಳಿಸಿ ಹೋಗ್ತದ. ಅದಕ್ಕ ನಿಂತ ಕೂಡ್ಲೆ, ಚಾಲೂ ಮಾಡೋಕಿಂತ ಮೊದಲ ಪರದಾದ ಫೋಟೋ ತೆಗೀಬೇಕು. ಚಾರ್ಜ್ ಎಷ್ಟದ ಅನ್ನೂದೂ ಅದರಾಗ ಕಾಣಬೇಕು. ಆದ್ರ ಮೊದಲ ಜೀವ, ಆಮ್ಯಾಲೆ ಫೋಟೋ. ಗಾಡಿ ಸೋಲಾಕತ್ತದ ಅಂದ ತಕ್ಷಣ ನಾಕೂ ದೀಪ ಮಿಣುಕಿಸೂದು ಹಚ್ರಿ. ನಡುವ ಬ್ರೇಕ್ ಒತ್ತಿ ನಿಂದ್ರಬ್ಯಾಡ್ರಿ, ಓಟ ಇರೂದ್ರಾಗ ಎಡಕ್ಕ ತರ್ರಿ. ಸ್ಟೀರಿಂಗು, ಬ್ರೇಕು ಬಿರುಸಾಗಬಹುದು, ಅಂಜಬ್ಯಾಡ್ರಿ, ಜೋರು ಹಾಕ್ರಿ. ಮಂದಿನ್ನ ಎಡಗಡೆ ಬಾಗಿಲದಿಂದ ಇಳಿಸಿ ರಸ್ತಾ ಬಿಟ್ಟು ದೂರ ನಿಂದರ್ಸ್ರಿ.”

“ಟೊಂಗಿ?”

“ಹಗಲಿಗೆ ಟೊಂಗಿ ಚಲೋ. ಕತ್ತಲಾಗ ಯಾರಿಗೆ ಕಾಣ್ತದ? ಗಾಡಿ ಕೂಡ ಒಂದು ಕೆಂಪು ತ್ರಿಕೋನ ಕೊಟ್ಟಿರ್ತಾರ, ಬೆಳಕು ಬಿದ್ರ ಹೊಳೀತದ. ಹುಡುಕ್ರಿ.”

ಇತ್ತು. ಮೇಲಿನ ಪ್ಲಾಸ್ಟಿಕ್ ಸಹ ಬಿಚ್ಚದೆ ಡಿಕ್ಕಿಯ ಮೂಲೆಯಲ್ಲಿ ಬಿದ್ದಿತ್ತು.

“ನಮ್ಮ ಮನಿಯವರು ಓಣಿ ಮಿಸ್ತ್ರಿ ಮಲ್ಲಣ್ಣಗ ತೋರಿಸೋಣು ಅಂತಾರ,” ಎಂದಳು ವೃಂದಾ.

“ಬ್ಯಾಡ್ರಿ! ಇದರಾಗಿನ ಕಿತ್ತಳೆ ಬಣ್ಣದ ವೈರಿಗೆ ಕಲಿಯದವರು ಕೈ ಹಚ್ಚಿದ್ರ ಜೀವ ಹೋಗ್ತದ. ಶೋರೂಮಿಗೇ ಹೋಗೋಣು. ಆದ್ರ ಈ ಸಲ ಮೂರೂ ಮಂದಿ ಕೂಡೇ ಹೋಗೋಣು.”

ಭಾನುವಾರ ಮಲ್ಕಪ್ಪ ಬಂದ. ವಾಮನ ಬೆಳಿಗ್ಗೆಯೇ ಕಾರು ಒರೆಸಿ, ಡಿಕ್ಕಿಯಲ್ಲಿದ್ದ ಟೊಂಗೆಯನ್ನು ಹಿತ್ತಲಿಗೆ ಒಗೆದಿದ್ದ. ಮಲ್ಕಪ್ಪ ಬಾಗಿಲು ತೆರೆದು ಮುಚ್ಚಿ ನೋಡಿದ, ಸೀಟಿನ ಮೇಲೆ ಕೈಯಾಡಿಸಿದ.

“ಚಲೋ ಅದರಿ ರಾಯರ. ಹಿಂದ ಸಣ್ಣ ಕೂಸುಗಳು ಆರಾಮ ಕೂಡ್ತಾವ.”

ವೃಂದಾ ಹಿತ್ತಲಿಗೆ ಹೋದಳು. ಟೊಂಗೆ ಹಿಡಿದುಕೊಂಡು ಬಂದು ಮಲ್ಕಪ್ಪನ ಕೈಗೇ ಕೊಟ್ಟಳು.

“ಇದೇನ್ರಿ ಬಾಯಾರ?”

“ಗಾಡಿ ಕೂಡ ಇದೂ ಬರ್ತದ ಅಣ್ಣಾರ. ನಡುರಸ್ತಾದಾಗ ನಿಂತಾಗ ಹಿಂದ ಇಡಾಕ. ಮೂರು ಸಲ ನಿಂತದ.”

“ವೃಂದಾ!” ವಾಮನನ ಮುಖ ಕೆಂಪಾಯಿತು. “ಮಂದ್ಯಾಗ ನನ್ನ ಮಾನ ತೆಗೀತಿಯೇನು?”

“ನಿಮ್ಮ ಮಾನ ಆ ಗಾಡ್ಯಾಗ ಕೂತದೇನ್ರಿ? ನಾ ಕೂತಿದ್ದೆ. ಅತ್ಯಾ ಕೂತಿದ್ರು. ನೀವು ಒಂದು ಸಲಾನೂ ಇರ್ಲಿಲ್ಲ.”

ಮಲ್ಕಪ್ಪ ಟೊಂಗೆ ಹಿಡಿದು ನಿಂತೇ ಇದ್ದ. ಪಡಸಾಲೆಯ ಮಂಚದಿಂದ ಶಾರದಾಬಾಯಿ ಕೂಗಿದರು.

“ವಾಮ್ಯಾ, ಮಾರಲೇ, ಮಾರು. ಮಾರಿ, ನಾಳಿಂದ ನಮ್ಮ ಪಿಲ್ಲೂನ್ನೂ ಇವನ ಗಾಡಿಗೇ ಹಚ್ಚು. ಹಿಂದಿನ ಸೀಟಿನ್ಯಾಗ ಕೂಡಿಸು. ಹಚ್ತೀಯೇನು?”

ವಾಮನ ಅಂಗಳದ ಕಡೆ ನೋಡಿದ. ಪಿಲ್ಲು ಅಲ್ಲಿ ಕಾರಿಗೆ ಆನಿಕೊಂಡು ಶೂ ಕಟ್ಟಿಕೊಳ್ಳುತ್ತಿದ್ದಳು. ಆಮೇಲೆ ಮಲ್ಕಪ್ಪನ ಕೈಯಿಂದ ಟೊಂಗೆ ಇಸಿದುಕೊಂಡು, ಡಿಕ್ಕಿ ಎತ್ತಿ, ಇದ್ದಲ್ಲಿಯೇ ಇಟ್ಟ.

“ಮಲ್ಕಪ್ಪ, ಈ ಗಾಡಿ ಬ್ಯಾಡೋ ನಿನಗ,” ಎಂದ. “ರಿಪೇರಿ ಆಗೂತನಾ ಯಾರಿಗೂ ಬ್ಯಾಡ.”

ಸೋಮವಾರ ಶೋರೂಮಿನ ಬಾಗಿಲಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಮೂರು ಗಾಡಿ ಸಾಲಾಗಿ ನಿಂತವು. ಒಳಗೆ ಹೂಮಾಲೆ ಹಾಕಿದ ಹೊಸ ಕಾರನ್ನು ಒಂದು ಕುಟುಂಬ ಸುತ್ತಾಡಿ ನೋಡುತ್ತಿತ್ತು. ವೃಂದಾ, ಮೈತ್ರಿ, ಫಕ್ರುನ್ನಿಸಾ ಮೂವರೂ ತಮ್ಮ ತಮ್ಮ ಟೊಂಗೆ ಹಿಡಿದು ಒಳಗೆ ಹೋದರು. ಆ ಹೊಸ ಕಾರಿನ ಹಿಂದೆ, ಹೊಳೆಯುವ ನೆಲದ ಮೇಲೆ, ಒಂದರ ಪಕ್ಕ ಒಂದು ಇಟ್ಟರು.

ತುಷಾರ ಓಡಿ ಬಂದ. “ಮೇಡಂ, ಇದೇನು? ನಾ ಅವತ್ತೇ ಹೇಳಿದ್ನಲ್ಲ, ನಿಮ್ಮದೊಂದ…”

ಮೂವರನ್ನೂ ನೋಡಿ ಅವನ ಮಾತು ನಿಂತಿತು.

“ಬೋಲ್ ಬೇಟಾ, ನಿಂತಿ ಯಾಕ?” ಎಂದರು ಫಕ್ರುನ್ನಿಸಾ. “ನಿನ್ನ ಮಾತಿಗೂ ಚಾರ್ಜ್ ಮುಗೀತೇನು?”

ಕಾರು ನೋಡಲು ಬಂದಿದ್ದ ಯಜಮಾನರು ಕುತೂಹಲದಿಂದ ಕೇಳಿದರು: “ಪೂಜಾದ ಟೊಂಗೀ ಏನ್ರಿ ಇವು?”

ಉತ್ತರ ಕೊಟ್ಟವನು ವಾಮನ. ಬಾಗಿಲ ಬಳಿ ನಿಂತಿದ್ದವನು ಇಡೀ ಶೋರೂಮಿಗೆ ಕೇಳುವಂತೆ ಹೇಳಿದ: “ಅಲ್ರಿ. ಕೆಟ್ಟುನಿಂತ ಗಾಡಿ ಹಿಂದ ಇಡ್ತೀವಲ್ಲ, ಆ ಟೊಂಗಿ. ನಮ್ಮ ಗಾಡಿ ಮೂರು ಸಲ ನಡುರಸ್ತಾದಾಗ ನಿಂತದ. ಒಳಗ ನಮ್ಮವ್ವ ಇದ್ಳು.”

ಗಾಜಿನ ಕೋಣೆಯಿಂದ ಮ್ಯಾನೇಜರು ಹೊರಗೆ ಬಂದರು. ಚಹಾ ಬಂತು. ಯಾರೂ ಮುಟ್ಟಲಿಲ್ಲ. ಗಾಡಿ ಬಿಡುವಾಗ ಬರೆಯುವ ಜಾಬ್ ಕಾರ್ಡಿನಲ್ಲಿ ತುಷಾರ ರೂಢಿಯಂತೆ “ಜನರಲ್ ಚೆಕಪ್” ಎಂದು ಬರೆದ. ವೃಂದಾ ಸಹಿ ಹಾಕಲಿಲ್ಲ.

“ಅದನ್ನ ಹೊಡದು ಹಾಕ್ರಿ. ‘ಓಡುವಾಗ ಶಕ್ತಿ ಹೋಗಿ ರಸ್ತೆಯಲ್ಲಿ ನಿಂತಿತು’ ಅಂತ ಬರೀರಿ. ನಾ ಹೇಳಿದ್ದು ಬರೀರಿ, ನಿಮಗ ಬೇಕಾದ್ದಲ್ಲ.”

ಬರೆದ. ಮೂವರಿಗೂ ಬರೆದ. ಅಲ್ಲೇ ಕುಳಿತು ಮೈತ್ರಿ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ ಮೂರೂ ದೂರು ದಾಖಲಿಸಿದಳು. ಆಮೇಲೂ ವೃಂದಾ ಕುರ್ಚಿ ಬಿಟ್ಟು ಏಳಲಿಲ್ಲ. ಡಯಾಲಿಸಿಸ್‌ಗೆ ಹೋಗಲು ಬೇರೆ ಗಾಡಿಯ ಕೀಲಿಕೈ ಕೈಗೆ ಬಂದ ಮೇಲೆಯೇ ಎದ್ದಳು.

ಕಂಪನಿಯ ಎಂಜಿನಿಯರು ಬಂದು ನೋಡಿದಾಗ ತಪ್ಪು ಸಿಕ್ಕಿತು. ದೊಡ್ಡ ಬ್ಯಾಟರಿಯಿಂದ ಸಣ್ಣ ಬ್ಯಾಟರಿಗೆ ಕರೆಂಟ್ ಕಳಿಸುವ ಪೆಟ್ಟಿಗೆಯೊಂದು ಓಡುವಾಗಲೇ ಕೈಬಿಡುತ್ತಿತ್ತು. ವೃಂದಾ ಮತ್ತು ಫಕ್ರುನ್ನಿಸಾರ ಗಾಡಿಗೆ ಹೊಸ ಪೆಟ್ಟಿಗೆ ಬಿತ್ತು, ಪುಕ್ಕಟೆ. ಮೈತ್ರಿಯ ಗಾಡಿ ಮಾತ್ರ ಆಮೇಲೂ ನಿಂತಿತು. ಆಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದಾಳೆ. ವಿಚಾರಣೆಯ ತಾರೀಖಿನ ದಿನ ಉಳಿದಿಬ್ಬರೂ ರಜೆ ಹಾಕಿ ಜೊತೆಗೆ ಹೋಗುತ್ತಾರೆ.

ಓದುವವರೇ, ಕೇಳುವವರೇ, ಕರೆಂಟಿನ ಗಾಡಿ ಬೇಡ ಎಂದು ಈ ಕಥೆ ಹೇಳುತ್ತಿಲ್ಲ. ವೃಂದಾ ಈಗಲೂ ಅದನ್ನೇ ಓಡಿಸುತ್ತಾಳೆ. ಆದರೆ ಓಡುವ ಗಾಡಿ ಹಠಾತ್ತನೆ ನಿಂತರೆ ಅದು ನಿಮ್ಮ ತಪ್ಪಲ್ಲ, ನಿಮ್ಮ ಅವಮಾನವೂ ಅಲ್ಲ. ಮೊದಲು ಎಡಕ್ಕೆ ಬನ್ನಿ, ಜೀವ ಉಳಿಸಿಕೊಳ್ಳಿ. ಫೋಟೋ ತೆಗೆಯಿರಿ. ಜಾಬ್ ಕಾರ್ಡಿನಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಬರೆಸಿ, ಅದರ ನಕಲು ಇಸಿದುಕೊಳ್ಳಿ. ಕೇಳದಿದ್ದರೆ 1915ಕ್ಕೆ ಹೇಳಿ, ಅಲ್ಲಿಗೂ ಮುಗಿಯದಿದ್ದರೆ ಆಯೋಗದ ಬಾಗಿಲು ಬಡಿಯಿರಿ. ಕೆಟ್ಟ ಗಾಡಿಯನ್ನು ಬಾಯಿ ಮುಚ್ಚಿಕೊಂಡು ಇನ್ನೊಬ್ಬರ ಮಕ್ಕಳ ತಲೆಗೆ ಮಾತ್ರ ಕಟ್ಟಬೇಡಿ.

“ನಿಮ್ಮದೊಂದೇ ಗಾಡಿ” ಎಂದು ಯಾರಾದರೂ ಅಂದರೆ ನಂಬಬೇಡಿ. ನಾಲ್ಕು ಜನರ ಮುಂದೆ ನಿಮ್ಮ ಡಿಕ್ಕಿ ಎತ್ತಿ ತೋರಿಸಿ. ಪಕ್ಕದ ಗಾಡಿಯವರೂ ಎತ್ತುತ್ತಾರೆ.