ಆಫೀಸಿನಲ್ಲಿ ಮಾತ್ರ ಕೆಡುವ ಲೆನ್ಸ್

ಹಳೇ ಲೆನ್ಸಿನ ವಿಚಾರದಲ್ಲಿ ಹರಿಣಾಕ್ಷಿಯ ಮಾತಿಗೆ ಐರೋಲಿಯ ಆ ಆಫೀಸಿನಲ್ಲಿ ಎದುರಿರಲಿಲ್ಲ. ಅವಳ ಕೆಲಸ ಅಕೌಂಟ್ಸ್ ವಿಭಾಗದಲ್ಲಿ; ಹುಚ್ಚು ಮಾತ್ರ ಹಳೇ ಕ್ಯಾಮೆರಾಗಳದ್ದು. ಅದೇ ಹುಚ್ಚು ಹತ್ತಿದ ಒಂದಷ್ಟು ಮಂದಿ ಸೇರಿ ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದರು. ಯಾರೇ ಹಳೇ ಲೆನ್ಸ್ ಕೊಳ್ಳಲಿ, ಮೊದಲು ಅವಳ ಕೈಗೆ ಕೊಟ್ಟು ಮುಖ ನೋಡುತ್ತಾ ನಿಲ್ಲುತ್ತಿದ್ದರು. ಅವಳು ಹೂಂ ಅಂದರೆ ಕೊಂಡರು, ಮೂಗು ಮುರಿದರೆ ಬಿಟ್ಟರು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದರೂ ತಿಳಿಯದ ಈ ಸೊಸೆಗೆ ಗಾಜಿನೊಳಗಿನ ಕೂದಲೆಳೆಯಂಥ ಫಂಗಸ್ ಹೇಗೆ ಕಾಣುತ್ತದೋ ಎಂದು ಡೊಂಬಿವ್ಲಿಯ ಮನೆಯಲ್ಲಿ ಅತ್ತೆಗೆ ದೊಡ್ಡ ಆಶ್ಚರ್ಯ. ಹರಿಣಾಕ್ಷಿಗೆ ಲೆನ್ಸ್ ಬಲ್ಲವಳೆಂಬ ಆ ಹೆಸರೆಂದರೆ ಪ್ರಾಣ. ಬೇರೆ ಯಾವ ವಿಷಯದಲ್ಲೂ ಅವಳನ್ನು ಕೇಳಿ ಹೆಜ್ಜೆಯಿಡುವವರು ಯಾರೂ ಇರಲಿಲ್ಲ.

ಅಂಥವಳ ಮರ್ಯಾದೆಯನ್ನು ಒಂದು ಲೆನ್ಸು ಮೂರಾಬಟ್ಟೆ ಮಾಡಿತು.

ಅದನ್ನು ಕೊಂಡದ್ದು ಭೀಮುವಿನಿಂದ. ಕಲಬುರಗಿ ಕಡೆಯ ಭೀಮು ಮುಂಬ್ರಾದಲ್ಲಿದ್ದುಕೊಂಡು, ಹೊಸದು ಕಟ್ಟಲೆಂದು ಹಳೇ ಬಿಲ್ಡಿಂಗುಗಳನ್ನು ಕೆಡಹುವ ಕೆಲಸಕ್ಕೆ ಹೋಗುತ್ತಿದ್ದ. ಮನೆ ಖಾಲಿ ಮಾಡಿದವರೊಬ್ಬರು ಬೇಡವೆಂದು ಕೊಟ್ಟ ಚೀಲದಲ್ಲಿ ಅವನಿಗಿದು ಸಿಕ್ಕಿತ್ತು. ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದ್ದನ್ನು ನೋಡಿ ಹರಿಣಾಕ್ಷಿ ಅವನನ್ನು ಠಾಣೆ ಸ್ಟೇಷನ್ನಿಗೆ ಕರೆಸಿದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕರವಸ್ತ್ರ ಹಾಸಿ, ಲೆನ್ಸನ್ನು ಮಲಗಿಸಿ, ಪರೀಕ್ಷೆಗೆ ಕೂತಳು.

ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿದಳು. ಫಂಗಸ್ ಇಲ್ಲ, ಗಾಜು ಮಬ್ಬಾಗಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿಸುವ ಬುಡದಲ್ಲಿ ಬಣ್ಣ ಸವೆದು ಲೋಹ ಕಾಣುತ್ತಿತ್ತು; ಅದು ದುಡಿದ ಗುರುತು, ರೋಗವಲ್ಲ. ಸ್ಕ್ರೂಗಳ ತಲೆಯ ಮೇಲೆ ಗೀರಿಲ್ಲ, ಅಂದರೆ ಯಾರೂ ಬಿಚ್ಚಿ ಕೈಯಾಡಿಸಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೇನೂ ಕಟಕಟ ಅನ್ನಲಿಲ್ಲ. ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ತೆಳ್ಳನೆಯ ಬ್ಲೇಡುಗಳು ಒಣಗಿ ಚೊಕ್ಕಟವಾಗಿದ್ದವು. ಹಿಂದಿನ ಕಡ್ಡಿಯನ್ನು ಒತ್ತಿದರೆ ಪಟ್ಟನೆ ಮುಚ್ಚುತ್ತಿದ್ದವು. ಫೋಕಸ್ ರಿಂಗ್ ಮಾತ್ರ ಬಲು ಬಿಗಿ. ಒಳಗಿನ ಗ್ರೀಸು ಒಣಗಿದೆ, ಯಾವತ್ತಾದರೂ ಸರ್ವಿಸ್ ಮಾಡಿಸಿದರಾಯಿತು ಎಂದು ತೀರ್ಪು ಕೊಟ್ಟುಕೊಂಡಳು.

"ಅಕ್ಕಾರ, ಎಕ್ಸ್-ರೇ ತಗೀಲಿಕ್ಹತ್ತೀರೇನ್ರಿ?" ಎಂದ ಭೀಮು. "ನನಗ ಇದರಾಗ ಏನೂ ತಿಳಿಯಂಗಿಲ್ರಿ. ಚಂದಂಗ ನೋಡ್ಕೋರಿ. ಬ್ಯಾಡಾದ್ರ ಆಮ್ಯಾಲಾದ್ರೂ ವಾಪಸ್ ಕೊಡ್ರಿ."

ಮನೆಗೆ ತಂದ ಮೇಲೆ ಹರಿಣಾಕ್ಷಿ ಸಂಜೆಯಾದರೆ ಸಾಕು, ಆ ರಿಂಗನ್ನು ತಿರುಗಿಸುತ್ತಾ ಗೊಣಗುತ್ತಿದ್ದಳು. ಬಿಗಿ, ಬಿಗಿ, ಬೆರಳು ನೋಯುತ್ತದೆ. ಒಂದು ಸಂಜೆ ನೋಡಿದರೆ ರಿಂಗು ಬೆಣ್ಣೆಯ ಹಾಗೆ ತಿರುಗುತ್ತಿದೆ! "ನೋಡಿದಿರಾ ಅತ್ತೆ! ತಿರುಗಿಸಿ ತಿರುಗಿಸಿ ಕೈಯ ಬಿಸಿಗೆ ಹದ ಬಂತು. ಸರ್ವಿಸೂ ಬೇಡ, ಏನೂ ಬೇಡ," ಎಂದು ಅಡುಗೆಮನೆಯ ತನಕ ಹೋಗಿ ಹೇಳಿದಳು. ಅತ್ತೆ ಕೊತ್ತಂಬರಿ ಸೋಸುತ್ತಾ ನಕ್ಕರು, ಅಷ್ಟೆ. ಹಳೇ ಲೆನ್ಸನ್ನು ಪಳಗಿಸುವುದು ಹೇಗೆಂದು ಹರಿಣಾಕ್ಷಿ ಗುಂಪಿನಲ್ಲಿ ಉದ್ದಕ್ಕೆ ಬರೆದಳು.

ಮರುದಿನ ಆಫೀಸಿನಲ್ಲಿ ಎಲ್ಲರೆದುರು ಲೆನ್ಸ್ ತೆಗೆದು, ಕಡ್ಡಿ ಒತ್ತಿದಳು. ಬ್ಲೇಡುಗಳು ಒಲ್ಲದ ಮನಸ್ಸಿನಿಂದ ಅರ್ಧ ಮುಚ್ಚಿ ಅಲ್ಲೇ ನಿಂತವು.

"ಮ್ಯಾಡಮ್, ಯೇ ತೋ ಸೋ ಗಯಾ," ಎಂದ ಅಭಿಜಿತ್, ಇದಂತೂ ನಿದ್ದೆ ಹೋಯಿತಲ್ಲ ಎಂಬ ಹಾಗೆ. ಅವನು ಪಕ್ಕದ ಮೇಜಿನ ಸಹೋದ್ಯೋಗಿ, ಹುಟ್ಟಿ ಬೆಳೆದದ್ದೆಲ್ಲ ಕಲ್ಯಾಣದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಿಗೆ ಮಾತ್ರ ಹಿಂದಿ ಬಿಟ್ಟು ಕದಲುವುದಿಲ್ಲ.

ಹರಿಣಾಕ್ಷಿಯ ಕಿವಿ ಬಿಸಿಯಾಯಿತು. ಸಂಜೆ ಮನೆಯಲ್ಲಿ ಒತ್ತಿದರೆ, ಪಟ್! ಮತ್ತೆ ಆಫೀಸಿಗೆ ಒಯ್ದರೆ ಅದೇ ತೂಕಡಿಕೆ. ರಜೆ ಹಾಕಿ ಠಾಣೆಯ ರಿಪೇರಿಯವನ ಹತ್ತಿರ ಓಡಿದಳು. ಕಾದ ತಗಡಿನ ಕೆಳಗೆ ಬೆವರುತ್ತಾ ಕೂತಿದ್ದ ಆತ ನಾಲ್ಕು ಸಲ ಪಟಪಟ ಅನ್ನಿಸಿ, "ಏಕದಮ್ ಫಸ್ಟ್ ಕ್ಲಾಸ್" ಎಂದು ಹಿಂದಿರುಗಿಸಿದ. ಆಫೀಸಿಗೆ ಬಂದರೆ ಮತ್ತೆ ಶನಿ ಹೆಗಲೇರಿತು. ಯಾರಿಗೆ ಹೇಳುವುದು? ಮನೆಯಲ್ಲಿ ಹೇಳಿದರೆ ಕೆಲಸವಿಲ್ಲವೇ ಎನ್ನುತ್ತಾರೆ, ಆಫೀಸಿನಲ್ಲಿ ಹೇಳಿದರೆ ನಗುತ್ತಾರೆ. ಬೇಕೆಂದೇ ತನ್ನ ಮಾನ ಕಳೆಯಲು ಹುಟ್ಟಿದ ವಸ್ತುವಿದು ಎಂದು ಅವಳಿಗೆ ಅಳುವೇ ಬಂತು. ಬ್ಲೇಡುಗಳನ್ನು ಇನ್ನೊಮ್ಮೆ ಟಾರ್ಚಿನಲ್ಲಿ ನೋಡಬೇಕೆಂದು ಮಾತ್ರ ಅವಳಿಗೆ ಹೊಳೆಯಲಿಲ್ಲ. ತಾನೇ ನೋಡಿ ಆಗಿದೆಯಲ್ಲ, ಮತ್ತೇನು ನೋಡುವುದು? ಸ್ಪ್ರಿಂಗೇ ಸತ್ತಿದೆ, ಆ ಭೀಮುವಿಗೆ ಮೊದಲೇ ಗೊತ್ತಿತ್ತು, ಇದು ಹಸಿ ಮೋಸ ಎಂದು ತೀರ್ಮಾನಿಸಿದಳು. ಫೋನಿನಲ್ಲಿ ಅವನಿಗೆ ಬಾಯಿಗೆ ಬಂದಂತೆ ಬೈದಳು. ಸಾಲದ್ದಕ್ಕೆ, ಈತ ಮೋಸಗಾರ, ಯಾರೂ ಕೊಳ್ಳಬೇಡಿ ಎಂದು ಅವನ ನಂಬರನ್ನು ಗುಂಪಿನಲ್ಲಿ ಹಾಕಿದಳು.

"ಮೋಸ ಅನಬ್ಯಾಡ್ರಿ ಅಕ್ಕಾರ," ಎಂದಷ್ಟೇ ಅಂದಿದ್ದ ಭೀಮು. "ಐತಾರ ಠಾಣೆಗೆ ಬರ್ತೀನಿ. ನಿಮ್ಮ ರೊಕ್ಕ ನಿಮಗ, ನನ್ನ ಮಾಲು ನನಗ."

ಭಾನುವಾರ ಬೆಳಿಗ್ಗೆ ಜನವರಿಯ ಚಳಿ ಕಿಟಕಿಯಿಂದ ನುಗ್ಗುತ್ತಿತ್ತು. ಹಿಂದಿರುಗಿಸುವ ಮುನ್ನ ಒರೆಸೋಣವೆಂದು ಹರಿಣಾಕ್ಷಿ ಲೆನ್ಸನ್ನು ಕೈಗೆತ್ತಿಕೊಂಡು ಅಭ್ಯಾಸಬಲದಿಂದ ಕಡ್ಡಿ ಒತ್ತಿದಳು. ಬ್ಲೇಡುಗಳು ಅಲುಗಲಿಲ್ಲ. ಮನೆಯಲ್ಲೂ!

ಅದೇ ಹೊತ್ತಿಗೆ ಅತ್ತೆ ಸೀಸೆ ಹಿಡಿದು ಬಂದರು. "ಈ ಎಣ್ಣೆ ನೋಡು ಮಾರಾಯ್ತಿ, ಕಲ್ಲಿನ ಹಾಗೆ ಆಗಿದೆ. ತಲೆಗೆ ಹಾಕುವ ಅಂದರೆ ಒಂದು ಬೊಟ್ಟು ಬೀಳುವುದಿಲ್ಲ. ಸ್ವಲ್ಪ ಬಿಸಿಲಿಗೆ ಇಡು."

ಹರಿಣಾಕ್ಷಿ ಸೀಸೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆಯನ್ನು ನೋಡಿದಳು. ಲೆನ್ಸನ್ನು ನೋಡಿದಳು. ಟಾರ್ಚ್ ಹಚ್ಚಿದಳು. ಬ್ಲೇಡುಗಳ ಮೇಲೆ ಅದೇ ಬಿಳುಪಿನ ತೆಳು ಪೊರೆ. ರಿಂಗನ್ನು ಮೂಗಿನ ಹತ್ತಿರ ತಂದರೆ ಅತ್ತೆಯ ತುರುಬಿನ ವಾಸನೆ. ಆಫೀಸಿನ ಎ.ಸಿ. ನೆನಪಾಯಿತು.

"ಅತ್ತೆ, ಇದಕ್ಕೆ ಎಣ್ಣೆ ಹಾಕಿದ್ದೀರಾ?"

"ಓ, ಅದಾ? ನೀನು ದಿನಾ ಬಿಗಿ ಬಿಗಿ ಅಂತ ಒದ್ದಾಡುತ್ತಿದ್ದೆಯಲ್ಲ, ಸಂದಿಗೆ ಸ್ವಲ್ಪ ಬಿಟ್ಟೆ. ಹೊಲಿಗೆ ಮಿಷನಿಗೂ ಅದನ್ನೇ ಬಿಡುವುದಲ್ವಾ?"

"ನನಗೆ ಹೇಳಲಿಲ್ಲ ಯಾಕೆ?"

"ಹೇಳುವ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಕೈಯ ಬಿಸಿಗೆ ಹದ ಬಂತು ಅಂತ ಕುಣಿದುಕೊಂಡು ಬಂದಿ. ನೀನು ಅಷ್ಟು ಖುಷಿಯಲ್ಲಿ ಇರುವುದೇ ಅಪರೂಪ. ನಾನು ಯಾಕೆ ನಡುವೆ ಬಾಯಿ ಹಾಕುವುದು ಅಂತ ಸುಮ್ಮನಾದೆ." ಅತ್ತೆ ಅವಳ ಮುಖ ನೋಡಿದರು. "ಯಾಕೆ, ಹಾಳಾಯಿತಾ?"

ಹರಿಣಾಕ್ಷಿಗೆ ಕಿರುಚಬೇಕೆನ್ನಿಸಿತು. ಸೀಸೆಯನ್ನು ಮೂರನೇ ಮಹಡಿಯಿಂದ ಎಸೆಯಬೇಕೆನ್ನಿಸಿತು. "ಇಲ್ಲ," ಎಂದಳು ಹಲ್ಲು ಕಚ್ಚಿ, ಚೀಲ ಹೆಗಲಿಗೇರಿಸಿ ಹೊರಟಳು.

ಠಾಣೆಯಲ್ಲಿ ಭೀಮು ಅದೇ ಬೆಂಚಿನ ಹತ್ತಿರ ನಿಂತಿದ್ದ. ಪಕ್ಕದಲ್ಲಿ ಅಭಿಜಿತ್! ಈ ಭೇಟಿಯ ಸುದ್ದಿಯನ್ನು ಗುಂಪಿನಲ್ಲಿ ಓದಿ, ಮೋಸಗಾರ ಸಿಕ್ಕಿಬೀಳುವುದನ್ನು ಕಣ್ಣಾರೆ ಕಂಡು ಗುಂಪಿಗೆ ವರದಿ ಕೊಡುತ್ತೇನೆಂದು ಕಲ್ಯಾಣದಿಂದ ಲೋಕಲ್ ಹತ್ತಿ ಬಂದಿದ್ದ. ಅಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಭೀಮು ಲೆನ್ಸನ್ನು ಹಿಡಿದು ಅವಳು ಅಂದು ಮಾಡಿದ ಹಾಗೇ ಕಡ್ಡಿ ಒತ್ತಿದ. ಪಟ್!

"ಅಕ್ಕಾರ, ಚಲೋ ಐತಲ್ರಿ ಇದು?" ಎಂದ ಗಲಿಬಿಲಿಯಾಗಿ. ಆಮೇಲೆ ದನಿ ತಗ್ಗಿಸಿದ. "ಇರ್ಲಿ ಬಿಡ್ರಿ, ನಾ ವಾಪಸ್ ತಗೋತೀನಿ. ನನ್ನ ನಂಬರಿನ ಮ್ಯಾಲೆ ಮೋಸಗಾರ ಅಂತ ಬರದಿದ್ದು ಯಾರೋ ನನಗ ಕಳಿಸ್ಯಾರ್ರಿ. ನನ್ನ ಹೆಂಡ್ತಿ ದಾನೇಶ್ವರಿ ಅದನ್ನ ಓದಿದ್ಲು. ಅವತ್ತಿಂದ ಮಾರಿ ಕೊಟ್ಟು ಮಾತಾಡಿಲ್ರಿ ಆಕಿ. ಅದಷ್ಟು ತಗದು ಹಾಕ್ರಿ, ಸಾಕು."

ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಲೆನ್ಸ್ ಹೋಗುತ್ತಿತ್ತು, ದುಡ್ಡು ಬರುತ್ತಿತ್ತು, ಹರಿಣಾಕ್ಷಿಯ ಕಣ್ಣು ತಪ್ಪುವುದಿಲ್ಲ ಎಂಬ ಹೆಸರೂ ಉಳಿಯುತ್ತಿತ್ತು.

"ನಿಮ್ಮದೇನೂ ತಪ್ಪಿಲ್ಲ ಭೀಮು," ಎಂದಳು. "ನೀವು ಕೊಟ್ಟಾಗ ಚೆನ್ನಾಗಿಯೇ ಇತ್ತು. ನಮ್ಮ ಮನೆಗೆ ಬಂದ ಮೇಲೆ ಒಳಗೆ ತೆಂಗಿನೆಣ್ಣೆ ಹೋಗಿದೆ. ತಂಪಿಗೆ ಹೆಪ್ಪುಗಟ್ಟುತ್ತದೆ, ಬಿಸಿಗೆ ಕರಗುತ್ತದೆ."

"ನಾರಿಯಲ್ ಕಾ ತೇಲ್?" ಅಭಿಜಿತ್‌ನ ಕಣ್ಣು ಹೊಳೆಯಿತು. "ಕಿಸ್‌ನೆ ಡಾಲಾ?"

ಯಾರು ಹಾಕಿದ್ದು! ಅತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೊಂದು ಹೇಳಿದ್ದರೆ ಗುಂಪೆಲ್ಲ ನಕ್ಕು, ಪಾಪ ಎಂದು ಅವಳನ್ನು ಬಿಟ್ಟುಬಿಡುತ್ತಿತ್ತು. ಆದರೆ ಕೊತ್ತಂಬರಿ ಸೋಸುತ್ತಾ ಸುಮ್ಮನೆ ನಕ್ಕ ಆ ಮುಖ ಕಣ್ಣೆದುರು ಬಂತು. ಅವತ್ತು ಅತ್ತೆ ಬಾಯಿ ಬಿಡದೆ ತನ್ನ ದೊಡ್ಡಸ್ತಿಕೆಯನ್ನು ಉಳಿಸಿಕೊಟ್ಟಿದ್ದರು.

"ನಾನೇ," ಎಂದಳು ಹರಿಣಾಕ್ಷಿ.

"ಆಪ್‌ನೆ?" ಅಭಿಜಿತ್ ಬೆಂಚು ಹಿಡಿದುಕೊಂಡು ನಕ್ಕ. ರೈಲಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ನಗುವುದು ಆಮೇಲೆ. ಮೊದಲು ಭೀಮು ಮೋಸಗಾರ ಅಲ್ಲ ಅಂತ ಬರಿ. ಎಣ್ಣೆ ಹಾಕಿದ್ದು ಹರಿಣಾಕ್ಷಿ ಅಂತಲೂ ಬರಿ."

ಹೇಳಿದ ಮೇಲೆ ಮನಸ್ಸು ಹಗುರವಾಗುತ್ತದೆ ಅನ್ನುವವರ ಬಾಯಿಗೆ ಮಣ್ಣು ಹಾಕಬೇಕು. ಡೊಂಬಿವ್ಲಿ ತಲುಪುವ ತನಕ ಅವಳ ಎದೆ ಉರಿಯುತ್ತಲೇ ಇತ್ತು. ಮೊಬೈಲು ಚೀಲದೊಳಗೆ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು.

ಬಾಗಿಲು ತೆರೆದ ಅತ್ತೆಯ ಕೈಯಲ್ಲಿ ಸೀಸೆ. ಬಿಸಿಲಿಗೆ ಎಣ್ಣೆ ಕರಗಿ ನೀರಾಗಿತ್ತು. "ವಾಪಸ್ ಕೊಟ್ಟು ಬಂದಿಯಾ?"

"ಇಲ್ಲ. ಇಲ್ಲೇ ಇರಲಿ. ಒಮ್ಮೆ ಬಿಚ್ಚಿಸಿ ಸರ್ವಿಸ್ ಮಾಡಿಸಬೇಕು."

"ಒಳ್ಳೆಯದಾಯಿತು. ನಿನ್ನ ಆ ಮೂರು ಕಾಲಿನ ಸ್ಟ್ಯಾಂಡು ಉಂಟಲ್ಲ, ಅದೂ ಬಿಗಿ ಅನ್ನುತ್ತಿದ್ದೆ. ಅದಕ್ಕೂ ಒಂದು ಬೊಟ್ಟು..."

"ಅತ್ತೇ!"

ಪಕ್ಕದ ಮನೆಗೂ ಕೇಳಿಸುವ ಹಾಗೆ ಕೂಗಿದ್ದಳು. ಅತ್ತೆ ಬೆಚ್ಚಿ ಸೀಸೆಯನ್ನು ಎದೆಗವಚಿಕೊಂಡರು. ಹರಿಣಾಕ್ಷಿ ಚೀಲ ಕೆಳಗಿಟ್ಟು, ಕ್ಲಿಪ್ ಕಿತ್ತು ಕೂದಲು ಬಿಚ್ಚಿ, ಅವರ ಕಾಲ ಬುಡದಲ್ಲಿ ಬೆನ್ನು ಹಾಕಿ ಕೂತಳು.

"ಸ್ಟ್ಯಾಂಡಿಗೆ ಬೇಡ," ಎಂದಳು. "ನನ್ನ ತಲೆಗೆ ಹಾಕಿ."